ಅರವತ್ತು ಡಿಗ್ರಿಗೇ ಜ್ವರ ಬರುವ ಕಂಪ್ರೆಸರ್ ಸಾಹೇಬರಿಗೆ

ಇದನ್ನು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ನೆಟ್ಟಗೆ ಕುಳಿತುಕೊಳ್ಳಿ. ಇನ್ನೊಬ್ಬರ ಹೆಸರಿಗೆ ಬರೆದ ಪತ್ರವನ್ನು ಗೋಡೆಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, ಸೊರ್ ಎಂದು ಚಹಾ ಹೀರುತ್ತ ಓದುವುದನ್ನು ನಿಮಗೆ ಯಾರು ಕಲಿಸಿದರು? ಈ ಪತ್ರ ನಿಮಗಲ್ಲ. ಬೆಳಗಾವಿಯ ಒಂದು ರಿಪೇರಿ ಅಂಗಡಿಯ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುವ ಒಂದು ಯಂತ್ರಕ್ಕೆ. ಅದಕ್ಕೆ ಓದು ಬರುವುದಿಲ್ಲವಾದ್ದರಿಂದ, ಲಕೋಟೆ ಒಡೆದವರು ಕೈಯ ಎಣ್ಣೆ ಒರೆಸಿಕೊಂಡು, ಅದರ ಮುಂದೆ ನಿಂತು, ದೊಡ್ಡ ದನಿಯಲ್ಲಿ ಓದಿ ಹೇಳಬೇಕು. ನಡುವೆ ನಗು ಬಂದರೆ ಹೊರಗೆ ಹೋಗಿ ನಕ್ಕು ಬರಬೇಕು. ಇದರ ಇನ್ನೊಂದು ಪ್ರತಿಯನ್ನು ಖಾನಾಪುರದ ಬಜಾರಿನಲ್ಲಿರುವ ನನ್ನ ಮಗ ಧರಣೇಂದ್ರನ ಹಾರ್ಡ್‌ವೇರ್ ಅಂಗಡಿಯ ಬಾಗಿಲಿಗೆ ಅಂಟಿಸಲಾಗುವುದು. ಅಲ್ಲಿ ನಿಂತು ಓದುವವರು ಮೊಳೆಯೋ ಹಗ್ಗವೋ ತಮಗೆ ಬೇಕಾದ್ದನ್ನು ಮೊದಲು ಕೊಂಡು ಆಮೇಲೆ ಓದಲಿ, ವ್ಯಾಪಾರಕ್ಕೆ ಅಡ್ಡ ನಿಲ್ಲಬಾರದು.

ಮಾನ್ಯರೇ,

ಕಾಗದ ಬರೆಯುವಾಗ ಮೊದಲು ಆ ಕಡೆಯವರ ಕ್ಷೇಮ ಕೇಳಬೇಕು, ಆಮೇಲೆ ನಮ್ಮದು ಹೇಳಬೇಕು ಎಂದು ಪಾರಿಶ್ವಾಡದ ಸಾಲೆಯ ಮಾಸ್ತರರು ನಮಗೆ ಕಲಿಸಿದ್ದರು. ನಾಲ್ಕನೇ ಇಯತ್ತೆಗೆ ನನ್ನ ಸಾಲೆ ಮುಗಿಯಿತಾದರೂ ಆ ಒಂದು ಪಾಠ ಇನ್ನೂ ನೆನಪಿದೆ. ಆದ್ದರಿಂದ ಕೇಳುತ್ತೇನೆ, ತಾವು ಈಗ ಹೇಗಿದ್ದೀರಿ? ಮೈ ತಣ್ಣಗಾಗಿದೆಯೇ? ಒಳಗಿನ ಉಂಗುರ ಸುಟ್ಟಿದೆ ಎಂದು ಮೆಕ್ಯಾನಿಕ್ ಹೇಳಿದರಂತೆ, ಅದನ್ನು ಬದಲಿಸಿದರೇ? ಊಟ-ನೀರಿನ ವಿಚಾರ ಮಾತ್ರ ಕೇಳುವುದಿಲ್ಲ, ಏಕೆಂದರೆ ತಾವು ನೀರು ಕುಡಿದದ್ದರಿಂದಲೇ ಇಷ್ಟೆಲ್ಲ ಆಯಿತು.

ಇತ್ತ ನಮ್ಮ ಕ್ಷೇಮ ಅಷ್ಟಕ್ಕಷ್ಟೇ. ತಮ್ಮ ಉದ್ಯೋಗವೇನೆಂದು ಅಂಗಡಿ ಬಾಗಿಲಲ್ಲಿ ನಿಂತವರಿಗೆ ತಿಳಿದಿರಲಿಕ್ಕಿಲ್ಲ, ಆದ್ದರಿಂದ ಅದನ್ನೂ ಬರೆಯುತ್ತೇನೆ. ತಾವು ಗಾಳಿಯನ್ನು ನುಂಗಿ, ಹಿಂಡಿ ಹಿಂಡಿ, ಮೊಣಕಾಲೆತ್ತರದ ಒಂದು ಕರಿಯ ಸಿಲಿಂಡರಿನೊಳಗೆ ತುರುಕುವವರು. ಲಾರಿಯ ಟೈರಿನ ಗಾಳಿಗಿಂತ ಮೂವತ್ತು ಪಟ್ಟು ಬಿಗಿ ಎಂದು ಹೇಳುತ್ತಾರೆ, ನಾನು ಅಳೆದು ನೋಡಿಲ್ಲ. ಆ ಸಿಲಿಂಡರಿನಿಂದ ನನ್ನ ಮೊಮ್ಮಗಳು ಶರ್ವರಿಯ ಗಾಳಿ ಬಂದೂಕಿಗೆ ಗಾಳಿ ಹೋಗುತ್ತದೆ, ಬಂದೂಕಿನಿಂದ ಜೋಳದ ಕಾಳಿನಷ್ಟು ಸೀಸದ ಗುಂಡು ಹೊರಟು ಹತ್ತು ಮೀಟರ್ ದೂರದ ಕಾಗದಕ್ಕೆ ಬಡಿಯುತ್ತದೆ. ಇಷ್ಟೇ ಕೆಲಸ. ಬಸದಿಗೆ ಹೋಗುವವರ ಮನೆಯೊಳಗೆ ಬಂದೂಕು ಬಂದ ದಿನ ನಾನು ಎರಡು ಹೊತ್ತಿನ ಊಟ ಬಿಟ್ಟಿದ್ದೆ. ಆಗ ಈ ಹುಡುಗಿ ತೂತು ಬಿದ್ದ ಕಾಗದವನ್ನು ತಂದು ನನ್ನ ಮೂಗಿಗೆ ಹಿಡಿದು, “ಆಯಿ, ನೋಡಿಲ್ಲೆ, ಇದಕ್ಕ ರಕ್ತ ಬರೂದಿಲ್ಲ, ಬರೇ ತೂತು ಬೀಳತೈತಿ” ಅಂದಳು. ಕಾಗದಕ್ಕೆ ಮಾತ್ರ, ಗುಬ್ಬಿಗೂ ಇಲ್ಲ ಹಲ್ಲಿಗೂ ಇಲ್ಲ ಎಂದು ಕೈಮೇಲೆ ಕೈ ಇಡಿಸಿಕೊಂಡು ನಾನು ಒಪ್ಪಿದೆ. ಒಪ್ಪಿದ ಮೇಲೆ ಪೂರ್ತಿ ಒಪ್ಪಿದೆ, ಅರ್ಧ ಒಪ್ಪುವುದು ನನಗೆ ಬರುವುದಿಲ್ಲ.

ಈಗಿನ ಸಂಗತಿ ಏನೆಂದರೆ, ಬರುವ ತಿಂಗಳ ಮೊದಲ ಭಾನುವಾರ ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ಈ ಹುಡುಗಿಯ ಗುರಿ ಹೊಡೆಯುವ ಆಯ್ಕೆಯ ಸ್ಪರ್ಧೆ ಇದೆ. ಅವಳಿಗೆ ಹದಿನಾರು ವರ್ಷ, ಆದ್ದರಿಂದ ಅರ್ಜಿಯ ಮೇಲೆ ತಂದೆಯ ಸಹಿ ಬೇಕು, ಮತ್ತು ಅರ್ಜಿ ಈ ತಿಂಗಳು ಮುಗಿಯುವುದರೊಳಗೆ ಮುಟ್ಟಬೇಕು. ತಾವು ಸುಟ್ಟುಕೊಂಡ ಶನಿವಾರದಿಂದ, ಅಂದರೆ ಇಂದಿಗೆ ಹನ್ನೊಂದು ದಿನದಿಂದ, ತಂದೆಯಾದ ಧರಣೇಂದ್ರ ಬಂದೂಕನ್ನು ತಿಜೋರಿಯಲ್ಲಿಟ್ಟು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದಾನೆ, ಅರ್ಜಿಯನ್ನು ಮುಟ್ಟಿಯೂ ನೋಡಿಲ್ಲ. “ಒಂದು ಬಿಸಿ ತೋರಸೂ ಮೀಟರ್ ನೋಡಕೋತ ಕುಂದರಾಕ ಬರಲಾರದಾಕಿ ಕೈಯಾಗ ಬಂದೂಕು ಹೆಂಗ ಕೊಡೂದು? ನಾಳೆ ಬಂದೂಕನೂ ಮರತರ?” ಇದು ಅವನ ಮಾತು. ಮಾತೇನೋ ಸರಿಯಾದದ್ದೇ, ಅವನನ್ನು ಹೆತ್ತವಳಾಗಿ ನನಗೂ ಹೆಮ್ಮೆ ಅನ್ನಿಸಬೇಕಾದ ಮಾತು. ಮಾತು ಸರಿ, ಅದನ್ನು ಆಡಿದ್ದು ಯಾರಿಗೆ ಎಂಬುದು ಮಾತ್ರ ತಪ್ಪು. ಅದು ಹೇಗೆಂದು ತಮಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅಂದು ಅಲ್ಲಿದ್ದವರು ನಾನು ಮತ್ತು ತಾವು ಇಬ್ಬರೇ. ಆದ್ದರಿಂದ ನಡೆದದ್ದನ್ನೆಲ್ಲ ಮೊದಲಿನಿಂದ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಬೇಕು.

ದೀಪಾವಳಿ ಮುಗಿದ ಮೇಲೆ ತಾವು ನಮ್ಮ ಮನೆಗೆ ದಯಮಾಡಿಸಿದಿರಿ. ಪೆಟ್ಟಿಗೆ ಬಿಚ್ಚಿದಾಗ ಹೊಲಿಗೆ ಮಶಿನ್ನಿನಷ್ಟೇ ಇದ್ದಿರಿ, ಎತ್ತಲು ಹೋದಾಗ ಮಾತ್ರ ತಮ್ಮ ಘನತೆ ಏನೆಂದು ಧರಣೇಂದ್ರನ ನಡುವಿಗೆ ತಿಳಿಯಿತು. ಹಿತ್ತಲ ಕರಿಬೇವಿನ ಗಿಡದ ನೆರಳಿನಲ್ಲಿ ತಮಗೆ ಹಲಗೆ ಹಾಕಿಸಿದೆವು. ಕ್ಯಾಂಪಿನಲ್ಲಿ ಮಕ್ಕಳಿಗೆ ಗುರಿ ಕಲಿಸುವ ನಿವೃತ್ತ ಸುಭೇದಾರ ಸಿದರಾಯ ಅವರು ಮುದ್ದಾಂ ಬಂದು ತಮ್ಮ ಸೇವೆಯ ನಿಯಮಗಳನ್ನು ತಿಳಿಸಿದರು. ತಮ್ಮ ಹಣೆಯ ಮೇಲೆ ಕೆಂಪು ಅಂಕಿ ಕಾಣುತ್ತದಲ್ಲ, ಅದು ತಮ್ಮ ಮೈಬಿಸಿಯಂತೆ. “ಆಯಾರ, ಸಾಠ ಅಂದ್ರ ಸಾಠ. ಏಕಸಾಠ ಆಗಬಾರ್ದು. ಸಾಠ ಆದ ಕೂಡ್ಲೆ ಬಂದ್, ಚಾಳೀಸಕ್ಕ ಇಳದ ಮ್ಯಾಲೆ ಚಾಲೂ. ನಡುವ ಈ ಸಣ್ಣ ನಳ ಬಿಚ್ಚಿ ಒಳಗಿನ ಪಸಿ ಉಗುಳಿಸಬೇಕು” ಎಂದು ಅವರು ಪಲ್ಟನ್ನಿಗೆ ಹೇಳಿದಂತೆ ನನಗೆ ಹೇಳಿದರು. ಅರವತ್ತು! ಮಾನ್ಯರೇ, ನನಗೆ ಎಪ್ಪತ್ತಮೂರು. ಅರವತ್ತಾದ ಕೂಡಲೇ ನನ್ನನ್ನು ಯಾರಾದರೂ ಬಂದ್ ಮಾಡಿ ನೆರಳಲ್ಲಿ ಕೂರಿಸಿ, ನಲವತ್ತಕ್ಕೆ ಇಳಿದ ಮೇಲೆ ಕೆಲಸ ಹೇಳಿದ್ದರೆ ನಾನೂ ತಮ್ಮಂತೆಯೇ ಮಿರಮಿರ ಮಿಂಚುತ್ತಿದ್ದೆ.

ತಮ್ಮ ಪರಾಕ್ರಮವನ್ನು ನಾನು ಕಡಿಮೆ ಹೇಳುವವಳಲ್ಲ. ಕಾಲು ಗಂಟೆ ದುಡಿದು ಅರ್ಧ ಗಂಟೆ ಆರಾಮು ಮಾಡುವ ದುಡಿಮೆಗಾರನನ್ನು ನಾನು ಹಿಂದೆ ಕಂಡಿರಲಿಲ್ಲ. ದುಡಿಯುವಾಗಲಾದರೂ ಬಾಯಿ ಮುಚ್ಚಿಕೊಂಡಿರುತ್ತೀರೋ ಎಂದರೆ ಅದೂ ಇಲ್ಲ, ಮೂರು ಮನೆಯಾಚೆ ತೊಟ್ಟಿಲಲ್ಲಿದ್ದ ಕೂಸು ಎದ್ದು ಕೂಗಬೇಕು, ಅಷ್ಟು ಸದ್ದು. ಕುಡಿಯುವುದೋ, ಬಕೆಟ್ಟುಗಟ್ಟಲೆ ನೀರು. ಬಕೆಟ್ಟಿನಲ್ಲಿ ಮುಳುಗಿಸಿದ ಅಂಗೈಯಗಲದ ಪಂಪು ನೀರನ್ನು ಒಂದು ನಳಿಗೆಯಿಂದ ತಮ್ಮ ಮೈಯೊಳಗೆ ಕಳಿಸಬೇಕು, ಆ ನೀರು ತಮ್ಮ ಬಿಸಿಯನ್ನು ಹೊತ್ತುಕೊಂಡು ಇನ್ನೊಂದು ನಳಿಗೆಯಿಂದ ಬಕೆಟ್ಟಿಗೆ ಮರಳಬೇಕು. ನೀರು ಕಾದರೆ ಚೆಲ್ಲಬೇಕು, ಬೇರೆ ಹಾಕಬೇಕು. ಧರಣೇಂದ್ರನ ಮದುವೆಯಲ್ಲಿ ಬೀಗರು ಕಾಲು ತೊಳೆಸಿಕೊಂಡರು, ಮುನಿಸಿಕೊಂಡರು, ಪಾಯಸ ತೆಳ್ಳಗಾಯಿತು ಎಂದರು. ಆದರೂ ಇಷ್ಟು ನೀರು ಹೊರಿಸಲಿಲ್ಲ. ತಾವು ಬಂದಂದಿನಿಂದ ತಮ್ಮನ್ನು ಮನೆಯಲ್ಲಿ ಎಲ್ಲರೂ ‘ಅಳಿಯ’ ಎಂದೇ ಕರೆಯುತ್ತೇವೆ. ಇದು ತಮಗೆ ತಿಳಿಯದಿದ್ದರೆ ಈಗ ತಿಳಿಯಲಿ.

ಚಳಿಗಾಲ ಹೇಗೋ ಕಳೆಯಿತು. ಬಿಸಿಲು ಏರಿದ ಮೇಲೆ ಬರೀ ನೀರು ತಮಗೆ ಒಗ್ಗದಾಯಿತು, ಬಕೆಟ್ಟಿನಲ್ಲಿ ಬರ್ಫ್ ತೇಲಬೇಕು ಎಂದಾಯಿತು. ಧರಣೇಂದ್ರ ಒಂದು ದಿನ ಇಟ್ಟಂಗಿಯಷ್ಟು ದಪ್ಪ ಬರ್ಫ್ ತಂದ. ಎಲ್ಲಿಂದ ತಂದೆ ಎಂದರೆ ಅತ್ತ ಇತ್ತ ನೋಡಿದ, ಮೂಸಿ ನೋಡಿದರೆ ಮೀನಿನ ಪೇಟೆ. ಬರ್ಫ್ ಹೊಸ್ತಿಲು ದಾಟದೆ ಹಾಗೇ ಮರಳಿತು. ಆಮೇಲೆ ನಾನು ಬಾಟಲಿಗಳಲ್ಲಿ ನೀರು ತುಂಬಿ ನಮ್ಮ ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿದೆ. ನಮ್ಮದರಲ್ಲಿ ಜಾಗ ಸಾಲದೆ ಪಕ್ಕದ ಮನೆಯ ನಾಗರತ್ನಾಳ ಫ್ರಿಜ್ಜಿಗೂ ಕಳಿಸಿದೆ. ಆ ಹುಡುಗಿ ಒಳ್ಳೆಯವಳು, ಲಿಂಗಪೂಜೆ ಮುಗಿಸಿ ಅಂಗಳಕ್ಕೆ ಬಂದು, ದಿನಾಲೂ ನನ್ನನ್ನು ಮಾತಾಡಿಸಿಯೇ ಒಳಗೆ ಹೋಗುತ್ತಾಳೆ. ಅವಳೂ ಕಡೆಗೆ, “ಕಾಕೂ, ನಮ್ಮ ಫ್ರಿಜ್ಜಿನ್ಯಾಗ ದ್ವಾಸಿ ಹಿಟ್ಟಿಗೂ ಜಾಗಾ ಉಳದಿಲ್ಲರಿ, ಬರೇ ನಿಮ್ಮ ಅಳಿಯಾನ ಬಾಟಲಿನ ತುಂಬ್ಯಾವು” ಅಂದಳು. ಒದ್ದೆ ಬಟ್ಟೆಯನ್ನು ತಮ್ಮ ತಲೆಗೆ ಸುತ್ತಿದೆ, ಬೀಸಣಿಕೆ ಹಿಡಿದು ಗಾಳಿ ಹಾಕಿದೆ. ಗಾಳಿ ತುಂಬುವ ಯಂತ್ರಕ್ಕೇ ಗಾಳಿ ಹಾಕುವ ಯೋಗ ನನ್ನ ಹಣೆಯಲ್ಲಿತ್ತು. ಅದನ್ನು ನೋಡಿ ಸೊಸೆ ರೂಪಾಲಿ, “ಅತ್ತಿ, ಮಾಘ ಮಾಸದಾಗ ನನಗ ಜ್ವರಾ ಬಂದಿತ್ತಲ್ಲ, ಆವಾಗ ಈ ಬೀಸಣಿಕಿ ಎಲ್ಲಿತ್ರಿ?” ಎಂದು ಕೇಳಿದಳು. ಅದಕ್ಕೆ ಉತ್ತರವನ್ನು ಹುಡುಕುತ್ತಿದ್ದೇನೆ, ಸಿಕ್ಕರೆ ತಮಗೂ ತಿಳಿಸುತ್ತೇನೆ.

ಇಷ್ಟು ಸೇವೆ ಮಾಡುವಾಗ ಶರ್ವರಿ ಏನು ಮಾಡುತ್ತಿದ್ದಳು ಎಂಬುದನ್ನು ತಾವೇ ಸಾಕ್ಷಿಯಾಗಿ ಹೇಳಬೇಕು. ತಾವು ಚಾಲೂ ಆದದ್ದರಿಂದ ಬಂದ್ ಆಗುವವರೆಗೆ ಆ ಹುಡುಗಿ ತಮ್ಮ ಹಣೆಯ ಮೇಲಿನ ಅಂಕಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ನಾನು ಹಿಂದೆ ಕುಳಿತು ತಲೆ ಬಾಚುತ್ತಿದ್ದರೆ, ಸಿಕ್ಕು ಬಿಡಿಸಲು ಎಳೆದರೂ ಕತ್ತು ಆಚೆ ಈಚೆ ಹೋಗುತ್ತಿರಲಿಲ್ಲ. ಐವತ್ತೆಂಟಕ್ಕೇ ಕೈ ಗುಂಡಿಯ ಮೇಲೆ ಇರುತ್ತಿತ್ತು. ಮೊದಲು ಇವಳೇನು ಇಂಥವಳಾಗಿರಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ತಾಟು ಸರಿಸಿ ಏಳುವವಳು, ಬಸ್ಸು ತಪ್ಪಿದರೆ ಮನೆಗೆ ಬಂದು ನಮ್ಮೆಲ್ಲರ ಮೇಲೆ ಹರಿಹಾಯುವವಳು. ಬಂದೂಕು ಹಿಡಿದ ಮೇಲೆ ಉಸಿರು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ಕಲಿತಳು. ಪಡಸಾಲೆಯಲ್ಲಿ ನಿಂತು ಹಿತ್ತಲ ಗೋಡೆಗೆ ಗುರಿ ಇಟ್ಟರೆ, ನಡುಮನೆಯಲ್ಲಿ ಯಾರೂ ಇಲ್ಲವೆಂದು ಮೂರು ಸಲ ಕೂಗಿ ಕೇಳದೆ ಬಂದೂಕಿನ ಕುದುರೆಯ ಮೇಲೆ ಬೆರಳು ಇಡುವವಳಲ್ಲ. ಇಂಥವಳು ಮೀಟರಿನ ಮುಂದಿನಿಂದ ಎದ್ದದ್ದು ಒಂದೇ ಸಲ. ಅದೂ ನನ್ನನ್ನು ನಂಬಿ ಎದ್ದಳು.

ಈಗ ಆ ಶನಿವಾರದ ವಿಚಾರ. ಅದನ್ನು ಬರೆಯುವ ಮೊದಲು ನಮ್ಮ ಮನೆಯ ನೀರಿನ ಪದ್ಧತಿಯನ್ನು ಹೇಳಬೇಕಾಗುತ್ತದೆ. ನಾವು ಜೈನರು ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸದೆ ಬಳಸುವುದಿಲ್ಲ, ಕಣ್ಣಿಗೆ ಕಾಣದ ಜೀವಗಳು ಅದರಲ್ಲಿ ಇರುತ್ತವೆ. ನಾನಂತೂ ಕಾಸಿದ ನೀರನ್ನೇ ಕುಡಿಯುವ ನೇಮ ಹಿಡಿದು ಹತ್ತೊಂಬತ್ತು ವರ್ಷವಾಯಿತು. ತಮಗೂ ಮೊದಲ ದಿನದಿಂದ ಸೋಸಿದ ನೀರನ್ನೇ ಹಾಕುತ್ತ ಬಂದೆ. ಆದರೂ ಮನಸ್ಸಿನಲ್ಲಿ ಒಂದು ಕಸಿವಿಸಿ ಇತ್ತು. ಸೋಸಿದರೂ ಹಸಿ ನೀರು ಹಸಿ ನೀರೇ. ಅದು ತಮ್ಮ ಕಾದ ಮೈಯೊಳಗೆ ಹೋಗಿ ಬರುವಾಗ ಒಳಗಿನ ಜೀವಗಳ ಗತಿ ಏನು? ಕಾಗದಕ್ಕೆ ಗುರಿ ಇಡುವ ಆಟಕ್ಕಾಗಿ ಬಕೆಟ್ಟಿನಲ್ಲಿ ಇಷ್ಟು ಹಿಂಸೆ ಯಾಕೆ? ಈ ಪ್ರಶ್ನೆಯನ್ನು ಸುಭೇದಾರರಿಗೆ ಕೇಳಿದ್ದೆ. ಅವರು ಮೀಸೆ ತಿರುವಿ, “ಪಲ್ಟನದಾಗ ಇದನ್ನ ಯಾರೂ ಕೇಳಿದ್ದಿಲ್ರಿ” ಎಂದು ಎದ್ದು ಹೋದರು.

ಆ ಮಧ್ಯಾಹ್ನ ಸಿಲಿಂಡರು ಮುಕ್ಕಾಲು ತುಂಬಿತ್ತು, ತಮ್ಮ ಹಣೆಯ ಮೇಲೆ ಐವತ್ತೆರಡು ಇತ್ತು. ಬಕೆಟ್ಟಿನ ಬಾಟಲಿಗಳು ಕರಗಿದ್ದವು. ಶರ್ವರಿ, “ಆಯಿ, ನಾ ನಾಗರತ್ನಾ ಕಾಕೂ ಮನಿಗೆ ಹೋಗಿ ಗಟ್ಟಿ ಬಾಟಲಿ ತರ್ತೀನಿ, ಅಲ್ಲೀತನಕ ಈ ನೀರು ಚೆಲ್ಲಿ ಬ್ಯಾರೆ ಹಾಕು. ಐವತ್ತೆಂಟು ಕಂಡರ ಗುಂಡಿ ಒತ್ತು, ಒತ್ತತೀಯಲ್ಲ?” ಎಂದು ಕೇಳಿ, ನಾನು ಹೂಂ ಅಂದ ಮೇಲೆಯೇ ಎದ್ದಳು. ನಾನು ಬಕೆಟ್ಟು ಬರಿದು ಮಾಡಿ ಒಳಗೆ ಹೋದೆ. ಸೋಸಿದ ನೀರಿನ ಕೊಡ ತಳ ಕಂಡಿತ್ತು. ಒಲೆಯ ಮೇಲೆ ನನಗೆಂದು ಕಾಸಿದ ನೀರು ದೊಡ್ಡ ತಪ್ಪೇಲಿಯಲ್ಲಿ ಆಗಷ್ಟೇ ಕುದಿದು ಕೆಳಗಿಳಿಯಲು ಕಾದಿತ್ತು. ಅದನ್ನು ಕಂಡ ಕೂಡಲೇ ನನಗೆ ಹೊಳೆದ ಬುದ್ಧಿಯನ್ನು ತಾವು ಮೆಚ್ಚಲೇಬೇಕು. ಈ ನೀರಿನಲ್ಲಿ ಈಗಾಗಲೇ ಒಂದು ಜೀವವೂ ಇಲ್ಲ, ಇದನ್ನು ತಮ್ಮ ಮೈಯೊಳಗೆ ಕಳಿಸಿದರೆ ಹೊಸದಾಗಿ ಯಾವ ಹಿಂಸೆಯೂ ಆಗುವುದಿಲ್ಲ! ಅದಲ್ಲದೆ ಜ್ವರ ಬಂದವರಿಗೆ ನಮ್ಮ ಮನೆಯಲ್ಲಿ ಯಾರೂ ತಣ್ಣೀರು ಕೊಟ್ಟವರಲ್ಲ, ಬಿಸಿನೀರನ್ನೇ ಕುಡಿಸಿ ಬೆವರು ಬರಿಸುವುದು. ತಮಗೂ ಬೆವರು ಬರಲಿ ಎಂದು, ಹೊಗೆಯಾಡುವ ತಪ್ಪೇಲಿಯನ್ನು ಸೀರೆಯ ಸೆರಗಿನಲ್ಲಿ ಹಿಡಿದು ತಂದು ಬಕೆಟ್ಟಿಗೆ ಸುರಿದೆ.

ಆಮೇಲೆ ನಡೆದದ್ದು ಬಹಳ ಬೇಗ ನಡೆಯಿತು. ಐವತ್ತೆಂಟನ್ನು ತಾವು ನನಗೆ ತೋರಿಸಲೇ ಇಲ್ಲ. ಐವತ್ತೇಳು ಕಂಡೆ, ಬಟ್ಟೆ ಒದ್ದೆ ಮಾಡಿಕೊಂಡು ಬರುವಷ್ಟರಲ್ಲಿ ಅರವತ್ತಾರು, ಅದನ್ನು ತಲೆಗೆ ಸುತ್ತುವಷ್ಟರಲ್ಲಿ ಎಪ್ಪತ್ತನಾಲ್ಕು. ಗುಂಡಿ ಒತ್ತಬೇಕು ಎಂಬುದು ನೆನಪಿತ್ತು, ಯಾವ ಗುಂಡಿ ಎಂಬುದು ಮರೆತಿತ್ತು. ಕೈ ಜೋಡಿಸಿ ಣಮೋಕಾರ ಮಂತ್ರ ಶುರು ಮಾಡಿದೆ. ಮೂರನೆಯ ಸಾಲಿಗೆ ತಾವು ಢಂ ಎಂದಿರಿ. ಕರಿಬೇವಿನ ಗಿಡದಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಸ್ಟೇಶನ್ನಿನ ಕಡೆ ಹೋದವು, ನಾನು ಕುಳಿತಲ್ಲೇ ಕುಳಿತೆ. ಒಡೆದದ್ದು ಒತ್ತಡ ಹೆಚ್ಚಾದರೆ ತಾನೇ ಒಡೆಯಲೆಂದು ಇಟ್ಟ ಸಣ್ಣ ಬಿಲ್ಲೆಯಂತೆ, ಅದು ಒಡೆದದ್ದರಿಂದ ಯಾರಿಗೂ ಏನೂ ಆಗಲಿಲ್ಲವಂತೆ. ಅಷ್ಟರ ಮಟ್ಟಿಗೆ ತಮ್ಮ ಸಂಸ್ಕಾರವನ್ನು ಹೊಗಳುತ್ತೇನೆ.

ಶರ್ವರಿ ಓಡಿ ಬಂದು ಗುಂಡಿ ಒತ್ತಿದಳು. ಬಕೆಟ್ಟಿನ ಹೊಗೆ ನೋಡಿದಳು, ನನ್ನ ಪಕ್ಕದಲ್ಲಿದ್ದ ತಪ್ಪೇಲಿ ನೋಡಿದಳು. ತಪ್ಪೇಲಿಯನ್ನು ಎತ್ತಿಕೊಂಡು ಒರೆಸಿ ಅಡುಗೆಮನೆಯ ಗೂಡಿಗೆ ಸೇರಿಸಿ ಬರುವುದಕ್ಕೂ, ಧರಣೇಂದ್ರ ಊಟಕ್ಕೆಂದು ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. “ಮೀಟರ್ ಮುಂದ ಯಾರಿದ್ರಿ?” ಅಂದ. “ನಾ ಇದ್ದೆ ಅಪ್ಪಾ. ಮೊಬೈಲ್ ನೋಡಕೋತ ಮರತೆ” ಅಂದಳು.

ಯಾಕೆ ಹಾಗಂದಳು ಎಂದು ತಾವು ಕೇಳಬಹುದು. ಯುಗಾದಿಯ ಹಿಂದಿನ ವಾರ ಇದೇ ತಪ್ಪೇಲಿ ಜಾರಿ ನನ್ನ ಎಡಗಾಲ ಮೇಲೆ ಬಿಸಿನೀರು ಬಿದ್ದು ಬೊಬ್ಬೆ ಎದ್ದಿತ್ತು. ಅಂದು ಧರಣೇಂದ್ರ, “ಅವ್ವಾ, ಇನ್ನ ಮ್ಯಾಲೆ ಒಲಿ ಹಂತ್ಯಾಕ ಹೋಗಬ್ಯಾಡ. ನಿನ್ನ ನೀರು ರೂಪಾಲಿ ಕಾಸತಾಳ. ಇನ್ನೊಮ್ಮಿ ನೋಡಿದ್ನಿ ಅಂದ್ರ ಅಡಗಿಮನಿಗೆ ಕೀಲಿ ಹಾಕಾಂವ” ಎಂದು ಕಟ್ಟುನಿಟ್ಟು ಮಾಡಿದ್ದ. ಹದಿನೆಂಟು ವರ್ಷದವಳಾಗಿದ್ದಾಗ ಈ ಮನೆಯ ಒಲೆಯ ಮುಂದೆ ಬಂದು ನಿಂತವಳು ನಾನು. ಸೊಸೆ ಬಜಾರಿಗೆ ಹೋದಾಗ ಗುಟ್ಟಾಗಿ ಒಲೆ ಹಚ್ಚಿ ನನ್ನ ನೇಮದ ನೀರನ್ನು ನಾನೇ ಕಾಸಿಕೊಳ್ಳುತ್ತಿದ್ದೆ. ಅದು ಶರ್ವರಿಗೆ ಮಾತ್ರ ಗೊತ್ತಿತ್ತು. ನನ್ನ ಒಲೆ ಉಳಿಯಲಿ ಎಂದು ಅವಳು ತನ್ನ ಬಂದೂಕನ್ನು ಬಿಟ್ಟುಕೊಟ್ಟಳು. ನಾನು ಅಲ್ಲೇ ನಿಂತಿದ್ದೆ, ನನಗೂ ಬಾಯಿ ಇತ್ತು, ಇಡೀ ಓಣಿಗೆ ಗೊತ್ತಿರುವ ಬಾಯಿ. ಅವತ್ತು ಮಾತ್ರ ಅದು ತೆರೆಯಲಿಲ್ಲ. ಮರುದಿನವೂ ತೆರೆಯಲಿಲ್ಲ. ಹನ್ನೊಂದು ದಿನ ತೆರೆಯಲಿಲ್ಲ.

ಈ ಹನ್ನೊಂದು ದಿನದಲ್ಲಿ ಆ ಹುಡುಗಿ ಒಮ್ಮೆಯೂ ನನ್ನನ್ನು ಕೆಟ್ಟ ಕಣ್ಣಿಂದ ನೋಡಿಲ್ಲ, ಅದೇ ತಡೆಯಲಾಗುತ್ತಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ದಿನಾಲೂ ಸಂಜೆ ಬರಿಗೈಯಲ್ಲಿ ಪಡಸಾಲೆಯಲ್ಲಿ ನಿಂತು, ಬಂದೂಕು ಇದ್ದಂತೆ ತೋಳು ಎತ್ತಿ, ಹಿತ್ತಲ ಗೋಡೆಯನ್ನು ನೋಡುತ್ತ ಉಸಿರು ಹಿಡಿಯುತ್ತಾಳೆ. ಬರಿಗೈಯಲ್ಲಿದ್ದರೂ ಮೊದಲು, “ನಡುಮನ್ಯಾಗ ಯಾರರ ಅದೀರೇನು?” ಎಂದು ಮೂರು ಸಲ ಕೇಳುತ್ತಾಳೆ. ರೂಪಾಲಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಯಾರೂ ಇಲ್ಲವ್ವಾ, ಹೊಡಿ” ಅನ್ನುತ್ತಾಳೆ.

ಆದ್ದರಿಂದ, ಮಾನ್ಯರೇ, ಮೇಲಿನ ಕಾರಣಗಳನ್ನು ದಯಮಾಡಿ ಪರಾಂಬರಿಸಿ ತಾವು ಈ ಕೆಳಗಿನ ಉಪಕಾರಗಳನ್ನು ಮಾಡಿಕೊಡಬೇಕು. ಮೊದಲನೆಯದಾಗಿ, ಬೇಗ ಗುಣವಾಗಿ ಮನೆಗೆ ಬರಬೇಕು, ಬರುವಾಗ ಒಳಗಿನ ಉಂಗುರದ ಜೊತೆಗೆ ಸ್ವಲ್ಪ ತಾಳ್ಮೆಯನ್ನೂ ಹಾಕಿಸಿಕೊಂಡು ಬರಬೇಕು. ಜ್ವರ ಬರುವ ಒಂದು ದಿನ ಮುಂಚಿತವಾಗಿ ನೋಟೀಸು ಕೊಡಬೇಕು. ಸಾಧ್ಯವಿದ್ದರೆ ಮಾಘ ಮಾಸದಲ್ಲಿ ಮಾತ್ರ ದುಡಿದು ವರ್ಷಕ್ಕೆ ಸಾಲುವಷ್ಟು ಗಾಳಿಯನ್ನು ಒಮ್ಮೆಲೇ ತುಂಬಿಕೊಡಬೇಕು. ಅದಾಗದಿದ್ದರೆ ತಾವು ಕೂಡ ಕಾಸಿ ಆರಿಸಿದ ನೀರಿನ ನೇಮ ಹಿಡಿಯಬೇಕು. ಕಾಸಿದ ಮೇಲೆ ಆರಿಸಬೇಕು ಎಂಬ ಎರಡನೆಯ ಅರ್ಧವನ್ನು ನಾನು ಈಗ ಕಲಿತಿದ್ದೇನೆ, ಹಿಂದಿನ ರಾತ್ರಿಯೇ ಕಾಸಿ ಇಟ್ಟರೆ ಜೀವವೂ ಇರುವುದಿಲ್ಲ, ಜ್ವರವೂ ಏರುವುದಿಲ್ಲ. ಬಂದ್ ಮಾಡುವ ಗುಂಡಿಗೆ ಬಾಜು ಕುಂಕುಮ ಹಚ್ಚಿ ಗುರುತು ಮಾಡಿಸಿಕೊಂಡೇ ಬರಬೇಕು. ತಮ್ಮ ಹಣೆಯ ಅಂಕಿಯನ್ನು ಕನ್ನಡದಲ್ಲಿ ತೋರಿಸಿದರೆ ಇನ್ನೂ ಒಳ್ಳೆಯದು, ಮರಾಠಿಯಲ್ಲಿ ತೋರಿಸಿದರೂ ಸೊಸೆ ಓದುತ್ತಾಳೆ.

ಇನ್ನೊಂದು ಉಪಕಾರ ಸ್ವಲ್ಪ ಕಠಿಣ. ನನ್ನ ಮಗನಿಗೂ ತಮ್ಮಂತೆಯೇ ಹಣೆಯ ಮೇಲೆ ಅಂಕಿ ಕಾಣುವ ವ್ಯವಸ್ಥೆ ಆಗಬೇಕು. ಅವನು ಯಾವಾಗ ಐವತ್ತೆಂಟಕ್ಕೆ ಬರುತ್ತಾನೆ, ಯಾವಾಗ ಅರವತ್ತು ದಾಟುತ್ತಾನೆ ಎಂದು ನಮಗೆ ಯಾರಿಗೂ ತಿಳಿಯುವುದಿಲ್ಲ. ಚಾಳೀಸಕ್ಕೆ ಇಳಿಯಲು ತಮಗೆ ಅರ್ಧ ಗಂಟೆ ಸಾಕು, ಅವನಿಗೆ ಹನ್ನೊಂದು ದಿನವೂ ಸಾಲಲಿಲ್ಲ. ಯಾವ ಬಕೆಟ್ಟು ಹಿಡಿಯಲಿ, ಎಷ್ಟು ಬಾಟಲಿ ತೇಲಿಸಲಿ? ಅವನು ಕೆಟ್ಟವನಲ್ಲ, ಮಗಳ ಕೈಯ ಭಯದಿಂದ ಹಾಗೆ ಮಾಡುತ್ತಾನೆ ಎಂಬುದು ನನಗೂ ಗೊತ್ತು. ಆದರೆ ಅವನು ಯಾವ ಕೈಯನ್ನು ನಂಬಬಾರದು ಎಂದು ಕೀಲಿ ಹಾಕಿದ್ದಾನೋ ಆ ಕೈ ತಪ್ಪು ಮಾಡಿದ್ದಲ್ಲ. ಧರಣೇಂದ್ರಾ, ಅಂಗಡಿ ಬಾಗಿಲಲ್ಲಿ ನಿಂತು ಓದುತ್ತಿದ್ದರೆ ಕೇಳು. ಬಿಸಿನೀರು ಹಾಕಿದವಳು ನಾನು. ಮೀಟರಿನ ಮುಂದಿದ್ದವಳು ನಾನು. ಗುಂಡಿ ಮರೆತವಳು ನಾನು. ಅಡುಗೆಮನೆಗೆ ಕೀಲಿ ಹಾಕುವುದಿದ್ದರೆ ಹಾಕು, ನನ್ನ ನೀರನ್ನು ರೂಪಾಲಿ ಕಾಸಲಿ, ಅವಳು ನನಗಿಂತ ಚೆನ್ನಾಗಿ ಕಾಸುತ್ತಾಳೆ ಎಂದು ಇದೇ ಮೊದಲು ಮತ್ತು ಇದೇ ಕಡೆಯ ಸಲ ಬರೆದುಕೊಡುತ್ತೇನೆ. ತಿಜೋರಿಯ ಕೀಲಿಯನ್ನು ಮಾತ್ರ ಉಡಿದಾರದಿಂದ ಬಿಚ್ಚು.

ಇಷ್ಟು ವಿನಂತಿಗಳೊಂದಿಗೆ, ಹಿತ್ತಲ ಹಲಗೆಯನ್ನು ಇನ್ನೂ ತೆಗೆಯದೆ ತಮಗಾಗಿ ಕಾದಿರಿಸಿಕೊಂಡು, ಇನ್ನೂ ಪೂರ್ತಿ ಬಿಸಿಯಾರದ

ತಮ್ಮ ವಿಶ್ವಾಸಿ,
ಅಕ್ಕಾತಾಯಿ
ಸ್ಟೇಶನ್ ರೋಡ್, ಖಾನಾಪುರ

ತಾ.ಕ.: ಲಕೋಟೆ ಅಂಟಿಸುವ ಮೊದಲು ಶುದ್ಧಲೇಖನ ನೋಡು ಎಂದು ಈ ಪತ್ರವನ್ನು ಶರ್ವರಿಯ ಕೈಗೆ ಕೊಟ್ಟಿದ್ದೆ. ಆರು ತಪ್ಪು ತಿದ್ದಿದ್ದಾಳೆ, ಉಪಕಾರವಾಯಿತು. ಆದರೆ ‘ಬಿಸಿನೀರು ಹಾಕಿದವಳು ನಾನು’ ಎಂಬ ಕಡೆ ಬಿಳಿ ಬಣ್ಣ ಬಳಿದು ‘ಶರ್ವರಿ’ ಎಂದು ಬರೆದಿಟ್ಟಿದ್ದಾಳೆ. ಅದು ಒಣಗುವವರೆಗೆ ಕಾದು, ಅದರ ಮೇಲೆಯೇ ನಾನು ಮತ್ತೆ ‘ನಾನು’ ಎಂದು ದಪ್ಪಗೆ ಬರೆದಿದ್ದೇನೆ, ಅಲ್ಲಿ ಕಾಗದ ಸ್ವಲ್ಪ ಉಬ್ಬಿದೆ, ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಇಂಥವಳನ್ನು ಬೇಜವಾಬ್ದಾರಿ ಅನ್ನುವವರ ಕಣ್ಣನ್ನು ಬೆಳಗಾವಿಗೆ ಕರೆದೊಯ್ದು ತೋರಿಸಬೇಕು. ಅಂಗಡಿಯ ಬಾಗಿಲಿಗೆ ಅಂಟಿಸುವ ಪ್ರತಿಯ ಕೆಳಗೆ ಅರ್ಜಿಯನ್ನೂ ಒಂದು ಪೆನ್ನನ್ನೂ ದಾರದಿಂದ ಕಟ್ಟಿದ್ದೇನೆ. ಮಾನ್ಯರೇ, ಮುಂದಿನ ತಿಂಗಳು ಹುಟ್ಟುವ ಮೊದಲು ಈ ಪತ್ರಕ್ಕೆ ಉತ್ತರ ಬರಲೇಬೇಕು. ತಮಗೆ ಬರೆಯಲು ಬರುವುದಿಲ್ಲವೆಂದು ಬಲ್ಲೆ, ಆದ್ದರಿಂದ ತಮ್ಮ ಪರವಾಗಿ ಧರಣೇಂದ್ರನೇ ಅರ್ಜಿಯ ಕೆಳಗೆ, ತಂದೆಯ ಸಹಿ ಎಂದಿರುವ ಕಡೆ, ಬರೆಯತಕ್ಕದ್ದು.